ಅನಸಾಜಿ ಎಂದು ಕರೆಸಿಕೊಂಡ ದನಗಾಹಿ

ಅಮೆರಿಕಾ ಅಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು. ಅವು ಏಳುವುದಕ್ಕೆ ಎಂಟುನೂರು ವರ್ಷ ಮೊದಲೇ ಅದೇ ದೇಶದ ಒಣ ಮರುಭೂಮಿಯಲ್ಲಿ ನಾಲ್ಕು ಅಂತಸ್ತಿನ, ಆರುನೂರಕ್ಕೂ ಹೆಚ್ಚು ಕೋಣೆಗಳಿದ್ದ ಕಲ್ಲಿನ ಮನೆಯೊಂದಿತ್ತು ಅಂದರೆ ನಂಬುವುದು ಸ್ವಲ್ಪ ಕಷ್ಟ. ಕಟ್ಟಿದವರು ಯೂರೋಪಿನಿಂದ ಬಂದವರಲ್ಲ. ಅಲ್ಲಿನ ಮೂಲನಿವಾಸಿಗಳೇ. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ನ್ಯೂಮೆಕ್ಸಿಕೋ ಮತ್ತು ಅರಿಜೋನಾ ರಾಜ್ಯಗಳಲ್ಲಿ ತಮ್ಮದೇ ಊರು ಕಟ್ಟಿಕೊಂಡು, ತಮ್ಮದೇ ಭಾಷೆ ಆಡಿಕೊಂಡು ಬಾಳುತ್ತಿದ್ದಾರೆ. ಸ್ಪಾನಿಷ್ ಭಾಷೆಯಲ್ಲಿ ಪ್ವೆಬ್ಲೊ ಅಂದರೆ ಹಳ್ಳಿ. ಹಳ್ಳಿ ಕಟ್ಟಿ ಮೆಕ್ಕೆಜೋಳ ಬೆಳೆದು ನೆಲೆನಿಂತವರಾದ್ದರಿಂದ ಇವರಿಗೆ ಪ್ವೆಬ್ಲೊ ಜನ ಅಂತಲೇ ಹೆಸರಾಯಿತು.

ಈ ಹಳೆಯ ಮನೆಗಳನ್ನು ಹೊರಗಿನ ಜಗತ್ತಿಗೆ ತೋರಿಸಿಕೊಟ್ಟವನು ಪ್ರೊಫೆಸರನಲ್ಲ, ಸರ್ಕಾರಿ ಅಧಿಕಾರಿಯಲ್ಲ. ದನ ಮೇಯಿಸುತ್ತಿದ್ದ ರಿಚರ್ಡ್ ವೆದರಿಲ್. ಅವನನ್ನು ಕೆಲವರು ಶೋಧಕ ಅಂತಾರೆ, ಕೆಲವರು ಗೋರಿಗಳ್ಳ ಅಂತಾರೆ. ನನಗೆ ಎರಡೂ ಅರ್ಧ ಸತ್ಯ ಅಂತಲೇ ತೋರುತ್ತದೆ. ಕಾಮರ್ಸ್ ಓದುವವನಿಗೆ ಇತಿಹಾಸದ ಉಸಾಬರಿ ಯಾಕೆ ಅಂತ ಗೆಳೆಯರು ಕೇಳಬಹುದು. ಕೇಳಲಿ. ಇವನ ಕತೆಯಲ್ಲಿ ಸಾಲ, ಉದ್ರಿ, ಬಂಡವಾಳ, ಸರಕು ಸಾಗಣೆ ಎಲ್ಲಾ ಇದೆ.

ರಿಚರ್ಡ್ ಹುಟ್ಟಿದ್ದು 1858ರ ಜೂನ್ 12ರಂದು, ಪೆನ್ಸಿಲ್ವೇನಿಯಾದ ಚೆಸ್ಟರ್ ಎಂಬಲ್ಲಿ. ಮನೆಯವರು ಕ್ವೇಕರ್ ಪಂಥದವರು. ಯುದ್ಧ ಬೇಡ, ಆಡಂಬರ ಬೇಡ ಎನ್ನುವ ಜನ. ತಂದೆ ಬೆಂಜಮಿನ್ ಕೈಟ್ ವೆದರಿಲ್ ಊರಿಂದ ಊರಿಗೆ ಪಶ್ಚಿಮದ ಕಡೆ ಸರಿಯುತ್ತಾ ಬಂದು, 1880ರ ಸುಮಾರಿಗೆ ಕೊಲರಾಡೋ ರಾಜ್ಯದ ಮ್ಯಾಂಕೋಸ್ ಕಣಿವೆಯಲ್ಲಿ ನೆಲೆಸಿದ. ಅಲ್ಲಿ ಆಲಮೋ ರಾಂಚ್ ಎಂಬ ದನದ ಹಟ್ಟಿ ಎದ್ದಿತು. ಐದು ಜನ ಗಂಡು ಮಕ್ಕಳು: ರಿಚರ್ಡ್, ಆಲ್, ಜಾನ್, ಕ್ಲೇಟನ್, ವಿನ್ಸ್ಲೋ. ಹಿರಿಯನಾದ ರಿಚರ್ಡನ ಹೆಗಲಿಗೇ ಹೆಚ್ಚು ಹೊರೆ. ಕಾಲೇಜಿನ ಮೆಟ್ಟಿಲನ್ನು ಅವನು ಹತ್ತಲಿಲ್ಲ.

ಅವರ ಹಟ್ಟಿಯ ದಕ್ಷಿಣಕ್ಕೆ ದೊಡ್ಡ ಮೇಜಿನ ಹಾಗೆ ಚಪ್ಪಟೆಯಾಗಿ ಎದ್ದು ನಿಂತ ಬೆಟ್ಟವಿದೆ. ಮೆಸಾ ವೆರ್ಡೆ, ಅಂದರೆ ಹಸಿರು ಮೇಜು. ಅದು ಯೂಟ್ ಎಂಬ ಬುಡಕಟ್ಟಿನವರ ಭೂಮಿ. ಬಿಳಿಯರನ್ನು ಕಂಡರಾಗದ ಆ ಕಾಲದಲ್ಲೂ ಯೂಟರು ವೆದರಿಲ್ ಮನೆಯವರನ್ನು ಮಾತ್ರ ಚಳಿಗಾಲದಲ್ಲಿ ಅಲ್ಲಿನ ಕಣಿವೆಗಳಲ್ಲಿ ದನ ಮೇಯಿಸಲು ಬಿಟ್ಟರು. ಸ್ನೇಹ ಹಾಗಿತ್ತು. ಬಂಡೆಗಳ ಪೊಟರೆಗಳಲ್ಲಿ ಹಳೆಯ ಗೋಡೆಗಳಿದ್ದದ್ದು ಅಣ್ಣತಮ್ಮಂದಿರಿಗೆ ಮೊದಲೇ ಗೊತ್ತಿತ್ತು. 1874ರಲ್ಲೇ ವಿಲಿಯಂ ಹೆನ್ರಿ ಜಾಕ್ಸನ್ ಎಂಬ ಛಾಯಾಗ್ರಾಹಕ ಮ್ಯಾಂಕೋಸ್ ಕಣಿವೆಯ ಒಂದು ಸಣ್ಣ ಮನೆಯ ಫೋಟೋ ತೆಗೆದಿದ್ದ. ಆದರೆ ಒಳಗಿನ ಕಣಿವೆಯೊಂದರಲ್ಲಿ ಎಲ್ಲಕ್ಕಿಂತ ದೊಡ್ಡ ಮನೆಯೊಂದಿದೆ, ಅದು ಸತ್ತವರ ಜಾಗ, ನಾವು ಅಲ್ಲಿಗೆ ಹೋಗುವುದಿಲ್ಲ ಅಂತ ಅಕೊವಿಟ್ಜ್ ಎಂಬ ಯೂಟ್ ರಿಚರ್ಡನಿಗೆ ಹೇಳಿದ್ದನಂತೆ.

1888ರ ಡಿಸೆಂಬರ್ 18. ರಿಚರ್ಡ್ ಮತ್ತು ಅವನ ತಂಗಿ ಆನಾಳ ಗಂಡ ಚಾರ್ಲಿ ಮೇಸನ್ ತಪ್ಪಿಸಿಕೊಂಡ ದನಗಳನ್ನು ಹುಡುಕುತ್ತಾ ಮೇಲಿನ ಬಯಲಿಗೆ ಬಂದರು. ಕಣಿವೆಯ ಅಂಚಿಗೆ ಬಂದು ನೋಡಿದರೆ, ಎದುರಿನ ಬಂಡೆಯ ದೊಡ್ಡ ಕಮಾನಿನಡಿ ಒಂದು ಊರಿಗೆ ಊರೇ ನಿಂತಿದೆ! ಗೋಪುರ, ಕಿಟಕಿ, ಒಂದರ ಮೇಲೊಂದು ಕೋಣೆ, ಎಲ್ಲಾ ಸದ್ದಿಲ್ಲದೆ. ರಿಚರ್ಡ್ ಅದಕ್ಕೆ ಕ್ಲಿಫ್ ಪ್ಯಾಲೆಸ್ ಅಂತ ಹೆಸರಿಟ್ಟ. ಹೆಸರಿಗೆ ಅರಮನೆ, ಆದರೆ ಅಲ್ಲಿ ರಾಜ ಇರಲಿಲ್ಲ. ಸುಮಾರು 150 ಕೋಣೆ, ಇಪ್ಪತ್ತಕ್ಕೂ ಹೆಚ್ಚು ಕಿವಾಗಳು. ಕಿವಾ ಅಂದರೆ ನೆಲದೊಳಗೆ ತೋಡಿದ ದುಂಡನೆಯ ಪೂಜಾಸ್ಥಳ, ಇಳಿಯುವುದು ಚಾವಣಿಯ ಬಾಯಿಂದ. ಇಬ್ಬರೂ ಮರದ ಕಾಂಡ ಕಟ್ಟಿ ಏಣಿ ಮಾಡಿಕೊಂಡು ಒಳಹೊಕ್ಕರು. ಮಡಕೆಗಳು ಇಟ್ಟಲ್ಲೇ ಇದ್ದವು. ಅದೇ ಓಡಾಟದಲ್ಲಿ ಇನ್ನೂ ಎರಡು ದೊಡ್ಡ ಮನೆಗಳು ಸಿಕ್ಕಿದವು. ತಮ್ಮ ಆಲ್ ಮಾತ್ರ ತಾನು ಅದನ್ನು ದೂರದಿಂದ ಮೊದಲೇ ಕಂಡಿದ್ದೆ ಅಂತ ಆಮೇಲೆ ಹೇಳಿಕೊಂಡ. ನಾವಾದರೂ ಹಾಗೇ ಹೇಳುತ್ತಿದ್ದೆವು ಬಿಡಿ.

ಮಡಕೆಗಳು ಇಟ್ಟಲ್ಲೇ ಇದ್ದದ್ದರಿಂದ ಆ ಜನ ಒಮ್ಮೆಲೇ ಮಾಯವಾದರು ಅಂತ ಬಹಳ ದಿನ ಎಲ್ಲರೂ ನಂಬಿದರು. ಮಾಯವೂ ಇಲ್ಲ, ಮಂತ್ರವೂ ಇಲ್ಲ. ಮನೆಯ ತೊಲೆಗಳಲ್ಲಿನ ವಾರ್ಷಿಕ ಉಂಗುರಗಳನ್ನು ಎಣಿಸುವ ವಿದ್ಯೆಯನ್ನು ಎ. ಇ. ಡಗ್ಲಸ್ ಎಂಬ ಖಗೋಳ ವಿಜ್ಞಾನಿ 1929ರಲ್ಲಿ ಪೂರ್ಣಗೊಳಿಸಿದ. ಮಳೆ ಚೆನ್ನಾಗಿ ಬಂದ ವರ್ಷ ಉಂಗುರ ದಪ್ಪ, ಬರ ಬಂದ ವರ್ಷ ಸಣ್ಣ. ಹಾಗೆ ಲೆಕ್ಕ ಹಾಕಿದಾಗ ಕ್ಲಿಫ್ ಪ್ಯಾಲೆಸ್ ಕಟ್ಟಿದ್ದು ಹೆಚ್ಚಾಗಿ 1200ರ ದಶಕಗಳಲ್ಲಿ ಎಂದೂ, 1276ರಿಂದ 1299ರವರೆಗೆ ದೊಡ್ಡ ಬರ ಇತ್ತೆಂದೂ ಗೊತ್ತಾಯಿತು. ಬರದ ಜೊತೆಗೆ ಜಗಳಗಳೂ ಇದ್ದವು. ಜನ ಗಂಟುಮೂಟೆ ಕಟ್ಟಿ ದಕ್ಷಿಣಕ್ಕೆ ಹೋದರು, ರಿಯೋ ಗ್ರಾಂಡೆ ನದಿಯ ದಡಕ್ಕೆ, ಜುನಿ ಕಡೆಗೆ, ಹೋಪಿಗಳ ಬೆಟ್ಟಗಳಿಗೆ. ಅಂದರೆ ವಾರಸುದಾರರು ಇದ್ದರು. ಈ ಮಾತನ್ನು ಓದುಗರು ನೆನಪಿಡಬೇಕು.

ಮುಂದಿನದು ವ್ಯಾಪಾರ. ಅಣ್ಣತಮ್ಮಂದಿರು ಆ ಚಳಿಗಾಲವೆಲ್ಲಾ ಅಗೆದರು. ಮೊದಲ ಸಂಗ್ರಹವನ್ನು ಡೆನ್ವರಿನ ಐತಿಹಾಸಿಕ ಸಂಘಕ್ಕೆ 3,000 ಡಾಲರಿಗೆ ಮಾರಿದರು. ದನದಲ್ಲಿ ಅಷ್ಟು ಲಾಭ ಎಲ್ಲಿ ಬರಬೇಕು! ತಂದೆ ಬೆಂಜಮಿನ್ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಾಗದ ಬರೆದು, ಈ ಜಾಗ ಹಾಳಾಗುವ ಮೊದಲು ನೀವೇ ನಡೆಸಿಕೊಳ್ಳಿ, ನಾವು ನಿಮ್ಮ ಕೈಕೆಳಗೆ ಕೆಲಸ ಮಾಡುತ್ತೇವೆ ಎಂಬರ್ಥದಲ್ಲಿ ಕೇಳಿಕೊಂಡ. ಅವರು ಒಪ್ಪಲಿಲ್ಲ. ಇದನ್ನು ವೆದರಿಲ್‌ನನ್ನು ಬೈಯುವವರು ಹೇಳುವುದೇ ಇಲ್ಲ.

1891ರ ಬೇಸಿಗೆಯಲ್ಲಿ ಹಟ್ಟಿಗೆ ಒಬ್ಬ ತರುಣ ಬಂದ. ಗುಸ್ತಾಫ್ ನಾರ್ಡೆನ್‌ಶೋಲ್ಡ್, ಸ್ವೀಡನ್ನಿನವನು, ವಯಸ್ಸು 23, ಕ್ಷಯರೋಗಿ. ಯೂರೋಪ್ ಮತ್ತು ಏಷ್ಯಾದ ಉತ್ತರದ ಹಿಮಸಮುದ್ರವನ್ನು ಹಡಗಿನಲ್ಲಿ ದಾಟಿದ ಪ್ರಸಿದ್ಧ ಅನ್ವೇಷಕನ ಮಗ. ನೋಡಿ ಹೋಗಲು ಬಂದವನು ತಿಂಗಳುಗಟ್ಟಲೆ ಉಳಿದ. ಸಲಿಕೆ ಬಿಟ್ಟು ಗಾರೆಯವರ ಕರಣಿಯಿಂದ ಮೆಲ್ಲಗೆ ಕೆರೆಯಬೇಕು, ಪ್ರತಿ ಕೋಣೆಗೆ ಸಂಖ್ಯೆ ಕೊಡಬೇಕು, ಯಾವ ವಸ್ತು ಎಲ್ಲಿ ಸಿಕ್ಕಿತು ಬರೆಯಬೇಕು, ಫೋಟೋ ತೆಗೆಯಬೇಕು — ಇದನ್ನೆಲ್ಲಾ ರಿಚರ್ಡ್ ಕಲಿತದ್ದು ತನಗಿಂತ ಹತ್ತು ವರ್ಷ ಚಿಕ್ಕವನಾದ ಈ ಹುಡುಗನಿಂದ. ಸುಮಾರು 600 ವಸ್ತುಗಳನ್ನು ಪೆಟ್ಟಿಗೆಗೆ ತುಂಬಿ ಡುರಾಂಗೋ ಊರಿನ ರೈಲಿಗೆ ಹಾಕುವಾಗ ಗಲಾಟೆಯಾಯಿತು. ಪೊಲೀಸರು ಗುಸ್ತಾಫ್‌ನನ್ನು ಹಿಡಿದರು. ಆಮೇಲೆ ಪುಸ್ತಕ ತಿರುವಿ ನೋಡಿದರೆ, ಅವನು ಮುರಿದ ಕಾನೂನೇ ಇಲ್ಲ! ಬಿಟ್ಟುಬಿಟ್ಟರು. ಪೆಟ್ಟಿಗೆಗಳು ಸಮುದ್ರ ದಾಟಿ ಹೋದವು, ಕಡೆಗೆ ಫಿನ್ಲೆಂಡಿನ ಹೆಲ್ಸಿಂಕಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿದವು. ಗುಸ್ತಾಫ್ 1893ರಲ್ಲಿ ಒಂದು ಒಳ್ಳೆಯ ಪುಸ್ತಕ ಬರೆದು, 1895ರಲ್ಲಿ, 26ನೇ ವಯಸ್ಸಿಗೆ ತೀರಿಕೊಂಡ.

ಇಲ್ಲಿಂದ ರಿಚರ್ಡ್ ಬೇರೆ ಮನುಷ್ಯನಾದ. ದುಡ್ಡಿನ ಆಸೆ ಹೋಯಿತು ಅಂತಲ್ಲ, ಆದರೆ ಅಗೆಯುವ ರೀತಿ ಬದಲಾಯಿತು. ಬಂಡವಾಳವೂ ಸಿಕ್ಕಿತು. ನ್ಯೂಯಾರ್ಕಿನ ಟಾಲ್ಬಟ್ ಹೈಡ್ ಮತ್ತು ಫ್ರೆಡ್ ಹೈಡ್ ಎಂಬ ಸಹೋದರರು, ಸಾಬೂನಿನ ವ್ಯಾಪಾರದಲ್ಲಿ ಗಳಿಸಿದ ಮನೆತನದ ವಾರಸುದಾರರು, ಖರ್ಚು ತಾವು ಕೊಡುವುದಾಗಿ ಒಪ್ಪಿದರು. 1893ರ ಕೊನೆಯಲ್ಲಿ ರಿಚರ್ಡ್ ಕುದುರೆ ಕತ್ತೆ ಕಟ್ಟಿಕೊಂಡು ಯೂಟಾ ರಾಜ್ಯದ ಗ್ರಾಂಡ್ ಗಲ್ಚ್ ಎಂಬ ಸೀಮೆಗೆ ಹೋದ.

ಅವನ ನಿಜವಾದ ಶೋಧ ನನ್ನ ಮಟ್ಟಿಗೆ ಕ್ಲಿಫ್ ಪ್ಯಾಲೆಸ್ ಅಲ್ಲ, ಇಲ್ಲಿ ನಡೆದದ್ದು. ಅಷ್ಟು ದೊಡ್ಡ ಮನೆ ಇವತ್ತಲ್ಲ ನಾಳೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಆದರೆ 7ನೇ ಸಂಖ್ಯೆ ಕೊಟ್ಟ ಗುಹೆಯಲ್ಲಿ, ಬಂಡೆಮನೆಯವರ ಮಟ್ಟಕ್ಕಿಂತ ಕೆಳಗೆ, ಇನ್ನಷ್ಟು ಆಳದಲ್ಲಿ, ಅವನಿಗೆ ತೊಂಬತ್ತರಷ್ಟು ಅಸ್ಥಿಪಂಜರಗಳು ಸಿಕ್ಕಿದವು. ಅವರ ಹತ್ತಿರ ಮಡಕೆ ಇಲ್ಲ, ಬುಟ್ಟಿಗಳು ಇದ್ದವು. ಬಂಡೆಮನೆಯವರು ಕೂಸುಗಳನ್ನು ಗಟ್ಟಿ ಹಲಗೆಗೆ ಕಟ್ಟಿ ಮಲಗಿಸುತ್ತಿದ್ದುದರಿಂದ ಅವರ ತಲೆ ಹಿಂದೆ ಚಪ್ಪಟೆ. ಇವರ ತಲೆ ಹಾಗಿಲ್ಲ. ಕೆಲವರ ಮೂಳೆಗಳಲ್ಲಿ ಆಯುಧದ ಕಲ್ಲಿನ ಮೊನೆಗಳು ಇನ್ನೂ ನೆಟ್ಟಿದ್ದವು. ರಿಚರ್ಡ್ ಲೆಕ್ಕ ಹಾಕಿದ: ಕೆಳಗೆ ಇರುವುದು ಮೊದಲು ಬಂದದ್ದು, ಮೇಲಿರುವುದು ಆಮೇಲೆ ಬಂದದ್ದು. ಆದ್ದರಿಂದ ಇವರು ಹೆಚ್ಚು ಹಳಬರು, ಮಡಕೆ ಕಲಿಯುವ ಮುಂಚಿನವರು. ಹೀಗೆ ಅವರಿಗೆ ಬುಟ್ಟಿ ಹೆಣೆಯುವವರು ಎಂಬ ಹೆಸರು ಬಂತು. ನಮ್ಮ ಮನೆಯ ಹಳೆ ಪೇಪರ್ ರಾಶಿಯಲ್ಲಿ ಅಡಿಯಲ್ಲಿರುವುದೇ ಹಳೆಯ ತಿಂಗಳದು ಅಲ್ವಾ? ಇಷ್ಟು ಸರಳ ವಿಷಯ. ಆದರೂ ಆ ನಾಡಿನ ಅಗೆತದಲ್ಲಿ ಈ ತರ್ಕವನ್ನು ಹೀಗೆ ಬಳಸಿದವರಲ್ಲಿ ಈ ದನಗಾಹಿಯೇ ಮೊದಲಿಗರ ಸಾಲಿನಲ್ಲಿ ನಿಲ್ಲುತ್ತಾನೆ.

ಪಂಡಿತರು ನಂಬಿದರೇ? ಇಲ್ಲ. ಸರಕಿಗೆ ಬೆಲೆ ಏರಿಸಲು ಹೊಸ ಜನಾಂಗವನ್ನೇ ಹುಟ್ಟಿಸಿದ್ದಾನೆ ಅಂತ ಅನುಮಾನಪಟ್ಟವರೂ ಇದ್ದರು. ಡಿಗ್ರಿ ಇಲ್ಲದವನ ಮಾತಿಗೆ ಎಲ್ಲಾ ದೇಶದಲ್ಲೂ ಒಂದೇ ಗತಿ ಮಾರಾಯ್ರೆ. ಇಪ್ಪತ್ತು ವರ್ಷ ಕಳೆದ ಮೇಲೆ ಆಲ್ಫ್ರೆಡ್ ಕಿಡ್ಡರ್ ಮತ್ತು ಸ್ಯಾಮ್ಯುಯಲ್ ಗರ್ನ್ಸಿ ಎಂಬ ಪುರಾತತ್ತ್ವಜ್ಞರು ಅರಿಜೋನಾದಲ್ಲಿ ಅಗೆದು, ಅವನು ಹೇಳಿದ್ದು ಸರಿ ಅಂತ ಸ್ಥಿರಪಡಿಸಿದರು. 1927ರಲ್ಲಿ ಪೆಕೋಸ್ ಎಂಬಲ್ಲಿ ವಿದ್ವಾಂಸರು ಸಭೆ ಸೇರಿ ಪ್ವೆಬ್ಲೊ ಇತಿಹಾಸದ ಕಾಲಗಳನ್ನು ವಿಂಗಡಿಸಿದಾಗ ಮೊದಲ ಕಾಲಕ್ಕೆ ಅದೇ ಬುಟ್ಟಿಯವರ ಹೆಸರನ್ನಿಟ್ಟರು. ಅಷ್ಟರಲ್ಲಿ ರಿಚರ್ಡ್ ಸತ್ತು 17 ವರ್ಷವಾಗಿತ್ತು.

1895ರಲ್ಲಿ ಊರೂರು ಸುತ್ತಿ ಸಂಗೀತ ನುಡಿಸುವ ಪಾಮರ್ ಎಂಬ ಕುಟುಂಬ ಆಲಮೋ ರಾಂಚಿಗೆ ಬಂತು. ಅವರನ್ನು ಕರೆದುಕೊಂಡು ರಿಚರ್ಡ್ ನ್ಯೂಮೆಕ್ಸಿಕೋದ ಚಾಕೋ ಕಣಿವೆಗೆ ಹೋದ. ಅಲ್ಲಿ ನಾನು ಆರಂಭದಲ್ಲಿ ಹೇಳಿದ ಆರುನೂರು ಕೋಣೆಗಳ ಮನೆ ಇದೆ, ಹೆಸರು ಪ್ವೆಬ್ಲೊ ಬೊನಿಟೊ. ಸುಮಾರು 850ರಿಂದ 1130ರವರೆಗೆ ತಲೆಮಾರುಗಳ ಕಾಲ ಕಟ್ಟುತ್ತಾ ಹೋದದ್ದು. ಆ ಪ್ರವಾಸದಲ್ಲಿ ಎರಡು ಕೆಲಸ ಆಯಿತು. ಪ್ವೆಬ್ಲೊ ಬೊನಿಟೊ ಅಗೆಯಬೇಕೆಂದು ಅವನು ನಿಶ್ಚಯಿಸಿದ, ಮತ್ತು ಆ ಕುಟುಂಬದ ಮಗಳು ಮರಿಯೆಟ್ಟಾಳನ್ನು 1896ರ ಡಿಸೆಂಬರಿನಲ್ಲಿ ಮದುವೆಯಾದ.

1896ರಲ್ಲಿ ಹೈಡ್ ಎಕ್ಸ್‌ಪ್ಲೋರಿಂಗ್ ಎಕ್ಸ್‌ಪೆಡಿಶನ್ ಹೆಸರಿನಲ್ಲಿ ಕೆಲಸ ಶುರುವಾಯಿತು. ಕಾಗದದ ಮೇಲೆ ಮುಖ್ಯಸ್ಥ ಪ್ರೊಫೆಸರ್ ಫ್ರೆಡರಿಕ್ ಪಟ್ನಮ್, ಸ್ಥಳದಲ್ಲಿ ಜಾರ್ಜ್ ಪೆಪ್ಪರ್ ಎಂಬ ಯುವಕ, ಜನ, ಸಾಮಾನು, ಅಡುಗೆ, ಕುದುರೆ ಎಲ್ಲಾ ರಿಚರ್ಡ್. ಅಗೆದವರು ಹೆಚ್ಚಾಗಿ ನವಾಹೊ ಬುಡಕಟ್ಟಿನವರು. ಸುಮಾರು 190 ಕೋಣೆಗಳನ್ನು ತೆರೆದರು. 28ನೇ ಕೋಣೆಯಲ್ಲಿ ಉದ್ದನೆಯ ಲೋಟದಂಥ ನೂರಕ್ಕೂ ಮಿಕ್ಕಿದ ಜಾಡಿಗಳು. ಅದೇ ಬಗೆಯ ಜಾಡಿಗಳ ಚೂರುಗಳನ್ನು 2009ರಲ್ಲಿ ಪರೀಕ್ಷಿಸಿದಾಗ ಕೊಕೊ ಪತ್ತೆಯಾಯಿತು! ಕೊಕೊ ಬೆಳೆಯುವುದು ಬಹುದೂರದ ದಕ್ಷಿಣ ಮೆಕ್ಸಿಕೋ ಕಡೆ. ಚಾಕಲೇಟ್ ಪಾನೀಯ ಕುಡಿಯಲು ಎಷ್ಟು ದೂರದಿಂದ ತರಿಸುತ್ತಿದ್ದರು ನೋಡಿ. 33ನೇ ಕೋಣೆ ಇನ್ನೂ ಚಿಕ್ಕದು, ಆದರೆ ಅದರಲ್ಲಿ 14 ಜನರ ಸಮಾಧಿ, ಸಾವಿರಾರು ಫಿರೋಜಾ ಕಲ್ಲಿನ ಮಣಿಗಳು, ಚಿಪ್ಪುಗಳು. ಎಲ್ಲವೂ ರೈಲು ಹತ್ತಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಹೋಯಿತು. ಪೆಪ್ಪರನ ಪುಸ್ತಕ ಹೊರಬಂದದ್ದು 1920ರಲ್ಲಿ.

ಇದರ ಜೊತೆಗೆ ಅಂಗಡಿ. ಪ್ವೆಬ್ಲೊ ಬೊನಿಟೊದ ಹಳೆಯ ಗೋಡೆಗೆ ಒರಗಿಸಿಯೇ ರಿಚರ್ಡ್ ಮನೆ, ಮಳಿಗೆ ಕಟ್ಟಿದ. ನವಾಹೊಗಳಿಗೆ ಹಿಟ್ಟು, ಸಕ್ಕರೆ, ಕಾಫಿ ಉದ್ರಿ ಕೊಡುವುದು, ಉಣ್ಣೆ ಬಂದಾಗ, ಕಂಬಳಿ ನೆಯ್ದಾಗ ವಜಾ ಮಾಡಿಕೊಳ್ಳುವುದು. ನಮ್ಮ ಊರ ಕಡೆಯ ದಿನಸಿ ಅಂಗಡಿಯವರ ಪದ್ಧತಿಯೇ. ಕಂಬಳಿಗಳನ್ನು ಹೈಡ್‌ಗಳ ಕಂಪನಿ ಪೂರ್ವದ ದೊಡ್ಡ ಪಟ್ಟಣಗಳಲ್ಲಿ ಮಾರಿತು. ಹಳೆಯ ಮನೆಯವರಿಗೆ ನವಾಹೊಗಳು ಅನಸಾಜಿ ಅನ್ನುತ್ತಿದ್ದರು, ಹಳೆಯ ಕಾಲದ ಪರಕೀಯರು, ಶತ್ರುಗಳು ಎಂಬ ಛಾಯೆಯ ಶಬ್ದ. ಆ ಶಬ್ದವನ್ನು ಬಳಕೆಗೆ ತಂದವನೇ ರಿಚರ್ಡ್. ತಮಾಷೆ ಏನೆಂದರೆ ನವಾಹೊಗಳು ಅವನನ್ನೂ ಅನಸಾಜಿ ಅಂತಲೇ ಕರೆದರು. ಪ್ವೆಬ್ಲೊ ಜನಕ್ಕೆ ಈ ಹೆಸರು ಹಿಡಿಸುವುದಿಲ್ಲ. ನಮ್ಮ ಅಜ್ಜನನ್ನು ಪಕ್ಕದ ಕೇರಿಯವರು ಇಟ್ಟ ಅಡ್ಡಹೆಸರಿನಿಂದ ಪುಸ್ತಕದಲ್ಲಿ ಬರೆದರೆ ನಮಗೆ ಹೇಗಾಗುತ್ತೆ? ಹೋಪಿಗಳು ಹಿಸತ್ಸಿನೋಮ್ ಅನ್ನುತ್ತಾರೆ. ಈಗ ಪುಸ್ತಕಗಳಲ್ಲಿ ಪೂರ್ವಜ ಪ್ವೆಬ್ಲೊ ಜನ ಎಂದು ಬರೆಯುವುದು ರೂಢಿ.

1900ರಲ್ಲಿ ಪೆಟ್ಟು ಬಿತ್ತು. ಎಡ್ಗರ್ ಲೀ ಹ್ಯೂಯೆಟ್ ಎಂಬ ಶಿಕ್ಷಣಾಧಿಕಾರಿ ಮತ್ತು ಸಾಂತಾ ಫೆ ಪಟ್ಟಣದವರು, ಇವನು ರಾಷ್ಟ್ರದ ಆಸ್ತಿಯನ್ನು ಲೂಟಿ ಮಾಡುತ್ತಿದ್ದಾನೆ ಎಂದು ದೂರು ಕೊಟ್ಟರು. ಸರ್ಕಾರ ಅಗೆತ ನಿಲ್ಲಿಸಿತು. ಅದೇ ವರ್ಷ ರಿಚರ್ಡ್ ಆ ಮನೆಗಳು ನಿಂತ ನೆಲಕ್ಕೇ, ಉಳುವವನಿಗೆ 160 ಎಕರೆ ಕೊಡುವ ಕಾಯಿದೆಯಡಿ ಅರ್ಜಿ ಹಾಕಿದ್ದ. ಕಾಪಾಡಲು ಹಾಕಿದೆ ಅಂತ ಅವನ ವಾದ, ಕಬಳಿಸಲು ಹಾಕಿದ ಅಂತ ಅವರ ವಾದ. ಅಂಗಡಿಯ ಲಾಭ ನೋಡಿದರೆ ಎರಡೂ ಇದ್ದಿರಬೇಕು ಅಂತ ನನಗನ್ನಿಸುತ್ತದೆ. ಕಂಪನಿಯೂ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಮ್ಯಾಂಕೋಸಿನ ಆಲಮೋ ರಾಂಚ್ ಸಾಲಕ್ಕೆ ಹೋಯಿತು.

ಇವನ ಮೇಲಿನ ಆ ಸಿಟ್ಟೂ ಒಂದು ಕಾರಣವಾಗಿ 1906ರ ಜೂನ್ 8ರಂದು ಅಮೆರಿಕಾದಲ್ಲಿ ಪ್ರಾಚೀನ ಅವಶೇಷಗಳ ಕಾಯಿದೆ ಬಂತು. ಅದೇ ತಿಂಗಳು ಮೆಸಾ ವೆರ್ಡೆ ರಾಷ್ಟ್ರೀಯ ಉದ್ಯಾನವಾಯಿತು, 1907ರಲ್ಲಿ ಚಾಕೋ ರಾಷ್ಟ್ರೀಯ ಸ್ಮಾರಕವಾಯಿತು. ಹಳೆಯ ಮನೆಗಳಿದ್ದ ಭಾಗವನ್ನು ರಿಚರ್ಡ್ ಬಿಟ್ಟುಕೊಟ್ಟು, ಉಳಿದ ನೆಲದಲ್ಲಿ ದನ, ಕುರಿ, ಅಂಗಡಿ ನೋಡಿಕೊಂಡಿದ್ದ.

ಸಾವು ಬಂದದ್ದು ಒಂದು ಕುದುರೆಯ ಜಗಳದಿಂದ. 1910ರ ಜೂನ್ 22. ಅವನ ಆಳು ಬಿಲ್ ಫಿನ್ ಕುದುರೆಯ ವಿಷಯದಲ್ಲಿ ಒಬ್ಬ ನವಾಹೊನಿಗೆ ಪಿಸ್ತೂಲಿನ ಹಿಡಿಯಿಂದ ಬಡಿದ. ಅವನು ಸತ್ತೇಹೋದ ಅಂತ ಸುದ್ದಿ ಹಬ್ಬಿತು. ಸಂಜೆ ದನ ಹೊಡೆದುಕೊಂಡು ಹೋಗುತ್ತಿದ್ದಾಗ ಚಿಸ್-ಚಿಲ್ಲಿಂಗ್-ಬಿಗೇ ಎಂಬ ನವಾಹೊ ರಿಚರ್ಡನಿಗೆ ಗುಂಡು ಹೊಡೆದ. ವಯಸ್ಸು 52. ಸಾಲ ವಸೂಲಿಯಲ್ಲಿ ಅವನು ಬಿಗಿ ಅಂತ ನವಾಹೊಗಳಲ್ಲಿ ಸಿಟ್ಟಿದ್ದದ್ದೂ ಹೌದು, ಅವರ ಮೇಲ್ವಿಚಾರಣೆಯ ಸರ್ಕಾರಿ ಅಧಿಕಾರಿಗಳಿಗೆ ಅವನು ಕಣ್ಣಿಗೆ ಬೀಳದಿದ್ದದ್ದೂ ಹೌದು. ಕೊಂದವನಿಗೆ 1912ರಲ್ಲಿ ಶಿಕ್ಷೆಯಾಯಿತು, ಕಾಯಿಲೆಯ ಕಾರಣದಿಂದ ಕೆಲವೇ ವರ್ಷಕ್ಕೆ ಬಿಡುಗಡೆಯಾದ. ಮರಿಯೆಟ್ಟಾ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಸಾಲದಲ್ಲಿ ಉಳಿದಳು. ಬರಬೇಕಾದ ಉದ್ರಿ ಪುಸ್ತಕದಲ್ಲೇ ಉಳಿಯಿತು. ಅವಳು ತೀರಿಕೊಂಡದ್ದು 1954ರಲ್ಲಿ. ಇಬ್ಬರನ್ನೂ ಪ್ವೆಬ್ಲೊ ಬೊನಿಟೊದ ಪಶ್ಚಿಮಕ್ಕೆ ಬಂಡೆಯಡಿಯ ಪುಟ್ಟ ಸ್ಮಶಾನದಲ್ಲಿ ಇಟ್ಟಿದ್ದಾರೆ.

ಆದರೆ ಅವನ ಲೆಕ್ಕ ಅಲ್ಲಿಗೆ ಮುಚ್ಚಲಿಲ್ಲ. 1980ರ ದಶಕದ ಕೊನೆಗೆ ಯೂಟಾದ ಕೆಲವು ಉತ್ಸಾಹಿಗಳು ಗ್ರಾಂಡ್ ಗಲ್ಚಿನ ಗುಹೆಗಳಿಗೆ ಹೋಗಿ, ರಿಚರ್ಡ್ ಮತ್ತು ಅವನ ಕಾಲದವರು ಗೋಡೆಯ ಮೇಲೆ ಬರೆದಿಟ್ಟ ಹೆಸರು, ತಾರೀಖುಗಳನ್ನು ಪತ್ತೆಹಚ್ಚಿದರು. ಅವನ್ನು ನ್ಯೂಯಾರ್ಕಿನ ಮ್ಯೂಸಿಯಂನಲ್ಲಿರುವ ಪಟ್ಟಿ, ಸಂಖ್ಯೆಗಳಿಗೆ ತಾಳೆ ನೋಡಿದರು. ಎಲ್ಲಿದೆಯೆಂದು ಮರೆತುಹೋಗಿದ್ದ 7ನೇ ಗುಹೆ ಹಾಗೆಯೇ ಸಿಕ್ಕಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನೂರು ವರ್ಷದ ಹಳೆಯ ವೋಚರ್ ಸರಿಬಂತು. ಬರೀ ಕಳ್ಳನಾಗಿದ್ದರೆ ವೋಚರ್ ಇಡುತ್ತಿರಲಿಲ್ಲ.

ಆದರೂ ಪುಸ್ತಕದ ಒಂದು ಬದಿ ಖಾಲಿ ಇತ್ತು. ಯೂಟರನ್ನು ಕೇಳಿ ದನ ಮೇಯಿಸಿದವನು, ನವಾಹೊಗಳಿಗೆ ಕೂಲಿ ಕೊಟ್ಟು ಅಗೆಸಿದವನು, ಆ ಮೂಳೆಗಳ ವಾರಸುದಾರರಾದ ಪ್ವೆಬ್ಲೊಗಳನ್ನು ಕೇಳಲಿಲ್ಲ. ಅವನೊಬ್ಬನೇ ಅಲ್ಲ, ದೂರು ಕೊಟ್ಟ ಹ್ಯೂಯೆಟ್ ಕಡೆಯವರೂ ರಾಷ್ಟ್ರದ ಆಸ್ತಿ ಅಂದರೇ ಹೊರತು ಇಂಥವರ ಅಜ್ಜಂದಿರು ಅನ್ನಲಿಲ್ಲ. ಪೂರ್ವಜರ ಅಸ್ಥಿಗಳನ್ನು ಬುಡಕಟ್ಟುಗಳಿಗೆ ಮರಳಿಸುವ ಕಾನೂನು ಅಮೆರಿಕಾದಲ್ಲಿ ಬಂದದ್ದು 1990ರಲ್ಲಿ. ಅದಾದ ಮೇಲೂ 2017ರಲ್ಲಿ, 33ನೇ ಕೋಣೆಯವರ ಮೂಳೆಗಳಿಂದ ಡಿಎನ್ಎ ತೆಗೆದು, ಸುಮಾರು 330 ವರ್ಷ ತಾಯಿಯ ಕಡೆಯಿಂದ ನಡೆದು ಬಂದ ಒಂದೇ ಮನೆತನದವರು ಅಲ್ಲಿ ಮಲಗಿದ್ದರು ಅಂತ ವಿಜ್ಞಾನಿಗಳು ಪ್ರಕಟಿಸಿದರು. ನಮ್ಮ ಅಳಿಯಕಟ್ಟಿನ ಮನೆಗಳವರಿಗೆ ಇದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ. ಶೋಧ ದೊಡ್ಡದೇ, ಆದರೆ ಆಗಲೂ ಪ್ವೆಬ್ಲೊಗಳನ್ನು ಕೇಳಿರಲಿಲ್ಲ ಎಂಬ ಟೀಕೆ ಬಂತು.

ಅಮೆರಿಕಾದ ಕಾನೂನು ಫಿನ್ಲೆಂಡಿಗೆ ನಡೆಯುವುದಿಲ್ಲ. ಆದ್ದರಿಂದ ಗುಸ್ತಾಫ್ ಒಯ್ದ ಅಸ್ಥಿಗಳಿಗಾಗಿ ಹೋಪಿ, ಜುನಿ, ಆಕೊಮಾ, ಜಿಯಾ ಜನ ಕೇಳಿಕೊಂಡು, ಮಾತುಕತೆ ನಡೆದು, 2020ರ ಸೆಪ್ಟೆಂಬರಿನಲ್ಲಿ 20 ಜನರ ಅಸ್ಥಿಗಳು ಮತ್ತು ಅವರ ಸಮಾಧಿಯ 28 ವಸ್ತುಗಳು ಹೆಲ್ಸಿಂಕಿಯಿಂದ ಮೆಸಾ ವೆರ್ಡೆಗೆ ಮರಳಿ ಬಂದವು. ಅವನ್ನು ಅಲ್ಲೇ ಮಣ್ಣು ಮಾಡಿದರು. ಉಳಿದ ಮಡಕೆ, ಬುಟ್ಟಿಗಳು ಫಿನ್ಲೆಂಡಿನಲ್ಲೇ ಇವೆ.